ಐವತ್ತು ವರ್ಷ ಕಾದ ತಟ್ಟೆ

ಸ್ಪೋರ್ಟ್ಸ್ ಕಾರಿನ ಬ್ರೇಕ್ ಸವೆದು ಹೊಸದು ಹಾಕಿಸುವ ಹೊತ್ತು ಬಂದಾಗ ಕಣ್ಣು ಮೊದಲು ಹೋಗುವುದು ಡಿಸ್ಕಿನ ಮೇಲೆ. ಚಕ್ರದ ಕಡ್ಡಿಗಳ ಸಂದಿಯಿಂದ ಅದು ಹೊಳೆಯುತ್ತಿರುತ್ತದೆ. ತೂತು ಕೊರೆದದ್ದೋ ಗೀರು ಹಾಕಿದ್ದೋ ಎಂಬುದು ದೂರದಿಂದಲೇ ಗೊತ್ತಾಗುತ್ತದೆ, ಬೆಲೆಯೂ ಹೆಚ್ಚು. ಪ್ಯಾಡಾದರೋ ಡಿಸ್ಕನ್ನು ಹಿಡಿಯುವ ಕ್ಯಾಲಿಪರಿನ ಬಾಯೊಳಗೆ ಅಡಗಿ ಕೂತ, ಅಂಗೈಯಲ್ಲಿ ಹಿಡಿಸುವ ಒಂದು ಕಪ್ಪು ತುಂಡು. ಹಾಗಾಗಿ ಡಿಸ್ಕನ್ನು ಹತ್ತು ಕಡೆ ವಿಚಾರಿಸಿ ಆರಿಸುವವರು ಪ್ಯಾಡಿನ ವಿಷಯ ಬಂದಾಗ ಅಂಗಡಿಯವರು ಕೊಟ್ಟದ್ದನ್ನು ತೆಗೆದುಕೊಳ್ಳುತ್ತಾರೆ. ಬ್ರೇಕಿನ ಚರಿತ್ರೆ ಬರೆದವರಲ್ಲಿ ಬಹಳ ಮಂದಿಯ ಕಣ್ಣೂ ಹೀಗೇ ತಟ್ಟೆಯ ಮೇಲೆಯೇ ನೆಟ್ಟಿದೆ. ಡ್ರಮ್ ಹೋಯಿತು, ಡಿಸ್ಕ್ ಬಂತು, ಕಾರು ಚೆನ್ನಾಗಿ ನಿಂತಿತು ಎಂಬಲ್ಲಿಗೆ ಆ ಕಥೆ ಮುಗಿದುಹೋಗುತ್ತದೆ. ಆದರೆ ಇಸವಿಗಳನ್ನು ಒಂದರ ಪಕ್ಕ ಒಂದಿಟ್ಟು ನೋಡಿದರೆ ಬೇರೆಯದೇ ಕ್ರಮ ಕಾಣುತ್ತದೆ. ಪ್ರತಿ ಹೆಜ್ಜೆಯಲ್ಲೂ ದಾರಿ ಬಿಡಿಸಿದ್ದು, ಇಲ್ಲವೇ ದಾರಿ ಕಟ್ಟಿದ್ದು, ಉಜ್ಜುವ ಆ ಕಪ್ಪು ತುಂಡು. ಡಿಸ್ಕ್ ಅದರ ಹಿಂದೆ ನಡೆದುಬಂದಿದೆ. ಹೊಸ ಬ್ರೇಕ್ ಆರಿಸುವವರು ಇದೇ ಕ್ರಮದಲ್ಲಿ ಯೋಚಿಸಬೇಕು ಎಂಬುದು ಈ ಬರಹದ ವಾದ.

ಮೊದಲ ಪ್ಯಾಡ್ ಚರ್ಮದ್ದು. 1888ರ ಆಗಸ್ಟ್‌ನಲ್ಲಿ ಬರ್ತಾ ಬೆಂಝ್ ತಮ್ಮ ಇಬ್ಬರು ಗಂಡುಮಕ್ಕಳೊಂದಿಗೆ, ಗಂಡ ಕಾರ್ಲ್ ಬೆಂಝ್ ತಯಾರಿಸಿದ ಮೂರು ಗಾಲಿಯ ಮೋಟಾರು ಗಾಡಿಯಲ್ಲಿ ಜರ್ಮನಿಯ ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟರು. ನೂರು ಕಿಲೋಮೀಟರಿಗೂ ಹೆಚ್ಚಿನ ಆ ದಾರಿಯ ಇಳಿಜಾರುಗಳಲ್ಲಿ ಮರದ ಬ್ರೇಕ್ ತುಂಡುಗಳು ಸವೆದುಹೋದವು. ದಾರಿಯ ಹಳ್ಳಿಯೊಂದರಲ್ಲಿ ಅವರು ಚಮ್ಮಾರನ ಕೈಯಲ್ಲಿ ಆ ತುಂಡುಗಳಿಗೆ ಚರ್ಮ ಹೊಡೆಸಿಕೊಂಡರು. ಗಾಡಿಯ ರಚನೆ ಇದ್ದಂತೆಯೇ ಇತ್ತು; ಉಜ್ಜುವ ವಸ್ತುವನ್ನಷ್ಟೇ ಬದಲಾಯಿಸಿದ್ದರಿಂದ ಅದು ಮುಂದೆ ಸಾಗಿತು. ಇದಾದ ಸುಮಾರು ಹತ್ತು ವರ್ಷಕ್ಕೆ, 1897ರಲ್ಲಿ, ಇಂಗ್ಲೆಂಡಿನ ಡರ್ಬಿಶೈರಿನ ಗುಡ್ಡಗಾಡಿನಲ್ಲಿ ಹರ್ಬರ್ಟ್ ಫ್ರೂಡ್ ಎಂಬವರು ಇದೇ ಕೆಲಸವನ್ನು ಉದ್ಯಮವಾಗಿ ಶುರುಮಾಡಿದರು. ಇಳಿಜಾರಿನಲ್ಲಿ ಕುದುರೆಗಾಡಿ ಓಡಿಸುವ ರೈತರು ಬ್ರೇಕಿನ ಮರದ ತುಂಡಿಗೆ ಹಳೆಯ ಬೂಟು ಕಟ್ಟಿ ಗಾಲಿ ಹಿಡಿಸುತ್ತಿದ್ದುದನ್ನು ಕಂಡು ಅವರಿಗೆ ಈ ಯೋಚನೆ ಹೊಳೆಯಿತು ಎನ್ನುತ್ತಾರೆ. ಕಂಪನಿಗಿಟ್ಟ ಫೆರೋಡೊ ಎಂಬ ಹೆಸರು ಅವರ ಹೆಸರಿನ ಅಕ್ಷರಗಳನ್ನೇ ಹಿಂದುಮುಂದು ಮಾಡಿ, ಹೆಂಡತಿ ಎಲಿಜಬೆತ್ ಹೆಸರಿನ ಮೊದಲಕ್ಷರ ಸೇರಿಸಿ ಕಟ್ಟಿದ್ದು. ಹತ್ತಿಯ ಪಟ್ಟಿಗೆ ಅಂಟು ಕುಡಿಸಿ ಅವರು ತಯಾರಿಸಿದ ಲೈನಿಂಗ್ ಕುದುರೆಗಾಡಿಗೆ ಸಾಕಾಗುತ್ತಿತ್ತು. ಮೋಟಾರಿಗೆ ಸಾಲಲಿಲ್ಲ. ಬಿಸಿ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಬಂದರೆ ಹತ್ತಿ ಕರಕಲಾಗತೊಡಗುತ್ತದೆ.

ಇತ್ತ ಬರ್ಮಿಂಗ್‌ಹ್ಯಾಮಿನಲ್ಲಿ ಫ್ರೆಡರಿಕ್ ಲ್ಯಾಂಚೆಸ್ಟರ್ 1902ರಲ್ಲೇ ಡಿಸ್ಕ್ ಬ್ರೇಕಿಗೆ ಪೇಟೆಂಟ್ ಪಡೆದಿದ್ದರು. ಚಕ್ರದೊಂದಿಗೆ ತಿರುಗುವ ತೆಳುವಾದ ಲೋಹದ ತಟ್ಟೆ, ಅದನ್ನು ಎರಡೂ ಬದಿಯಿಂದ ಚಿಮಟದಂತೆ ಹಿಡಿಯುವ ತುಂಡುಗಳು. ಇಂದಿನ ಯಾವುದೇ ಸ್ಪೋರ್ಟ್ಸ್ ಕಾರಿನಲ್ಲಿರುವ ಏರ್ಪಾಡಿನ ತತ್ವವೂ ಅದೇ. ಅದೇ 1902ರಲ್ಲಿ ಫ್ರಾನ್ಸಿನಲ್ಲಿ ಲೂಯಿ ರೆನೋ ಡ್ರಮ್ ಬ್ರೇಕನ್ನು ಒಂದು ಹದಕ್ಕೆ ತಂದರು. ಒಂದೇ ವರ್ಷದಲ್ಲಿ ಹುಟ್ಟಿದ ಈ ಎರಡರಲ್ಲಿ ಡ್ರಮ್ ಲೋಕವನ್ನು ಆಳಿತು, ಡಿಸ್ಕ್ ಅರ್ಧ ಶತಮಾನ ಮೂಲೆ ಸೇರಿತು. ಕಾರಣ ತಟ್ಟೆಯಲ್ಲಿರಲಿಲ್ಲ. ಲ್ಯಾಂಚೆಸ್ಟರ್ ಅವರ ಪ್ಯಾಡುಗಳು ತಾಮ್ರದವು. ಲೋಹಕ್ಕೆ ಲೋಹ ಉಜ್ಜಿ ಕಿವಿ ಗಡಚಿಕ್ಕುವಂತೆ ಕಿರುಚುತ್ತಿದ್ದವು, ಅಂದಿನ ಮಣ್ಣುದಾರಿಯ ಧೂಳು ಸೇರಿ ಬೇಗ ಸವೆಯುತ್ತಿದ್ದವು. ಡ್ರಮ್ಮಿನೊಳಗೆ ಧೂಳು ಅಷ್ಟಾಗಿ ನುಗ್ಗುತ್ತಿರಲಿಲ್ಲ, ಒಳಗಿನಿಂದ ಅದನ್ನು ಒತ್ತುವ ಅಗಲವಾದ ಶೂಗಳ ಮೇಲೆ ಫ್ರೂಡರಂಥವರ ಮೆತ್ತನೆಯ ಲೈನಿಂಗ್ ತಾಳುತ್ತಿತ್ತು. 1907-08ರ ಹೊತ್ತಿಗೆ ಫ್ರೂಡ್ ಹತ್ತಿಯನ್ನು ಬಿಟ್ಟು ಕಲ್ನಾರಿನತ್ತ ತಿರುಗಿದರು. ಬೆಂಕಿಗೆ ಬಗ್ಗದ, ನೂಲಿನಂತೆ ನೇಯಲು ಬರುವ ಆ ಖನಿಜದಿಂದ ಡ್ರಮ್ಮಿನ ಆಳ್ವಿಕೆ ಭದ್ರವಾಯಿತು.

ಇಲ್ಲಿ ಒಂದು ಆಕ್ಷೇಪಕ್ಕೆ ಉತ್ತರಿಸಲೇಬೇಕು. ಡಿಸ್ಕ್ ಕಾದು ಕೂತದ್ದು ಪ್ಯಾಡಿಗಾಗಿ ಅಲ್ಲ, ಬಲಕ್ಕಾಗಿ ಎಂದು ಎಂಜಿನಿಯರುಗಳು ಹೇಳುವುದುಂಟು. ಡ್ರಮ್ಮಿನಲ್ಲಿ ಒಂದು ವಿಶೇಷವಿದೆ. ತಿರುಗುವ ಡ್ರಮ್ ಶೂವನ್ನು ತನ್ನತ್ತ ಎಳೆದುಕೊಂಡು ಬೆಣೆಯ ಹಾಗೆ ಬಿಗಿಯಾಗಿಸುತ್ತದೆ. ಕಾಲಿನ ಬಲಕ್ಕೆ ಗಾಡಿಯ ಓಟವೇ ಇನ್ನಷ್ಟು ಬಲ ಸೇರಿಸುತ್ತದೆ. ಡಿಸ್ಕಿನಲ್ಲಿ ಈ ಸಹಾಯವಿಲ್ಲ, ಒತ್ತಿದಷ್ಟೇ ಹಿಡಿತ. ಸರಳು ತಂತಿಗಳ ಕಾಲದಲ್ಲಿ ಅಷ್ಟು ಒತ್ತಡ ಹುಟ್ಟಿಸುವುದು ಕಷ್ಟವಿತ್ತು ಎಂಬ ಮಾತು ಸರಿ. ಆದರೆ ನಾಲ್ಕೂ ಚಕ್ರಕ್ಕೆ ಹೈಡ್ರಾಲಿಕ್ ಬ್ರೇಕ್ ಇದ್ದ ಡ್ಯೂಸನ್‌ಬರ್ಗ್ ಕಾರು ಅಮೆರಿಕದಲ್ಲಿ ಮಾರಾಟಕ್ಕೆ ಬಂದದ್ದು 1921ರಲ್ಲೇ. ಆಮೇಲೂ ಡಿಸ್ಕ್ ಮೂವತ್ತು ವರ್ಷ ಹೊರಗೇ ನಿಂತಿತ್ತು. ಒತ್ತುವ ಬಲ ಸಿಕ್ಕಿತು ಅಂದಮೇಲೆ ಆ ಒತ್ತಡವನ್ನು ತಾಳುವ ಪದಾರ್ಥವೂ ಬೇಕಲ್ಲವೇ? ಡ್ರಮ್ಮಿನ ಶೂ ಗೇಣುದ್ದದ ಪಟ್ಟಿ. ಡಿಸ್ಕಿನ ಪ್ಯಾಡ್ ಅದರ ಒಂದು ಚೂರು. ಅದೇ ಕೆಲಸ ಚಿಕ್ಕ ಜಾಗದಲ್ಲಿ ನಡೆಯಬೇಕು, ಹಾಗಾಗಿ ಒತ್ತಡವೂ ಬಿಸಿಯೂ ಎಷ್ಟೋ ಪಟ್ಟು ಹೆಚ್ಚು. ನೇಯ್ದ ಕಲ್ನಾರಿನ ಪಟ್ಟಿಗೆ ಅದು ಆಗುವ ಮಾತಾಗಿರಲಿಲ್ಲ. ಬೇಕಲೈಟ್ ಬಳಗದ ಫಿನಾಲಿಕ್ ರಾಳ ಬೆರೆಸಿ, ಅಚ್ಚಿನಲ್ಲಿ ಬಿಸಿ ಮಾಡಿ ಒತ್ತಿ ತಯಾರಿಸುವ ಗಟ್ಟಿ ಲೈನಿಂಗ್ ಎರಡು ಮಹಾಯುದ್ಧಗಳ ನಡುವಿನ ವರ್ಷಗಳಲ್ಲಿ ಹರಡಿದ ಮೇಲೆಯೇ ಅಂಥ ಚೂರೊಂದು ಸಾಧ್ಯವಾಯಿತು.

ಒಂದು ಸಣ್ಣ ಲೆಕ್ಕ ಮಾಡೋಣ. 1,500 ಕಿಲೋ ತೂಕದ ಕಾರು ಗಂಟೆಗೆ 200 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಬೇಕಾದರೆ ಅದರ ಓಟದ ಶಕ್ತಿಯೆಲ್ಲ ಆರೇಳು ಸೆಕೆಂಡಿನಲ್ಲಿ ಬಿಸಿಯಾಗಿ ಹೊರಬರುತ್ತದೆ. 30 ಡಿಗ್ರಿಯ ಸುಮಾರು 8 ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರುವಷ್ಟು ಬಿಸಿ ಅದು. ನಾಲ್ಕು ಎರಕದ ಕಬ್ಬಿಣದ ಡಿಸ್ಕುಗಳು ಒಟ್ಟು 40 ಕಿಲೋ ತೂಗುತ್ತವೆ ಎಂದಿಟ್ಟುಕೊಂಡು, ಬಿಸಿಯೆಲ್ಲ ಅವುಗಳಲ್ಲೇ ಉಳಿಯಿತು ಎಂದುಕೊಂಡರೆ, ಒಂದೇ ಸಲಕ್ಕೆ ಅವು 120 ಡಿಗ್ರಿಗಿಂತ ಹೆಚ್ಚು ಕಾಯುತ್ತವೆ. ರೇಸಿನಲ್ಲಿ ಅವು ಆರುವ ಮೊದಲೇ ಮುಂದಿನ ತಿರುವು ಬಂದಿರುತ್ತದೆ. ಅದೇ ಕಾರು 100 ಕಿಲೋಮೀಟರ್ ವೇಗದಿಂದ ನಿಂತರೆ ಬಿಸಿ ಕಾಲುಭಾಗ ಮಾತ್ರ. ವೇಗ ಅರ್ಧವಾದರೆ ಶಕ್ತಿ ನಾಲ್ಕರಲ್ಲಿ ಒಂದು ಪಾಲಾಗುತ್ತದೆ. ಹೆದ್ದಾರಿಯ ಬ್ರೇಕಿಗೂ ರೇಸ್ ಟ್ರ್ಯಾಕಿನ ಬ್ರೇಕಿಗೂ ಇರುವ ದೂರ ಈ ಕಾಲುಭಾಗದಲ್ಲೇ ಕಾಣುತ್ತದೆ. ಡ್ರಮ್ ಸೋತದ್ದೂ ಬಿಸಿಗೇ. ಕಾದ ಡ್ರಮ್ ಹಿಗ್ಗಿ ಶೂವಿನಿಂದ ದೂರ ಸರಿಯುತ್ತದೆ, ಪೆಡಲ್ ಕೆಳಕ್ಕಿಳಿಯುತ್ತದೆ. ಕಾದ ಲೈನಿಂಗ್ ಹಿಡಿತ ಕಳೆದುಕೊಂಡಾಗ, ಬೆಣೆಯ ಗುಣದಿಂದ ಬಂದಿದ್ದ ಹೆಚ್ಚುವರಿ ಬಲವೂ ಅದರ ಜೊತೆಗೇ ಕುಸಿಯುತ್ತದೆ. ಆಗುಂಬೆಯನ್ನೋ ಚಾರ್ಮಾಡಿಯನ್ನೋ ತುಂಬಿದ ಲಾರಿಯ ಹಿಂದೆ ಇಳಿದವರಿಗೆ ಆ ಸುಟ್ಟ ವಾಸನೆಯ ಪರಿಚಯವಿರುತ್ತದೆ.

ಬಂಡಿಗೆ ಮೊದಲು ವಿಮಾನ ಡಿಸ್ಕನ್ನು ಒಪ್ಪಿಕೊಂಡಿತು. ಡನ್‌ಲಪ್ ಕಂಪನಿ ವಿಮಾನದ ಚಕ್ರಗಳಿಗೆ ತಯಾರಿಸುತ್ತಿದ್ದ ಬ್ರೇಕನ್ನು ಜಾಗ್ವಾರ್ ಜೊತೆ ಸೇರಿ ಕಾರಿಗೆ ಒಗ್ಗಿಸಿತು. ವಿಮಾನ ಒಮ್ಮೆ ಇಳಿದರೆ ಅದರ ಬ್ರೇಕಿಗೆ ಆರಲು ಸಮಯವಿರುತ್ತದೆ. ಕಾರಿನದು ನಿಮಿಷಕ್ಕೊಂದು ಪರೀಕ್ಷೆ. ಜಾಗ್ವಾರಿನ ಪರೀಕ್ಷಾ ಚಾಲಕ ನಾರ್ಮನ್ ಡ್ಯೂಯಿಸ್ ಈ ಅಂತರವನ್ನು ಸಾವಿರಾರು ಮೈಲಿ ಓಡಿಸಿ ತುಂಬಿದರು. 1952ರ ಮಿಲೆ ಮಿಲಿಯಾ ಓಟಕ್ಕೆ ಡಿಸ್ಕ್ ಬ್ರೇಕಿನ ಜಾಗ್ವಾರ್ ಸಿ-ಟೈಪ್ ಕಾರನ್ನು ಸ್ಟರ್ಲಿಂಗ್ ಮಾಸ್ ಅವರು ಡ್ಯೂಯಿಸ್‌ರನ್ನು ಪಕ್ಕದಲ್ಲಿ ಕೂರಿಸಿಕೊಂಡು ಓಡಿಸಿದರು. ಕಾರು ಕೊನೆ ಮುಟ್ಟಲಿಲ್ಲ. ಅದೇ ವರ್ಷ ಫ್ರಾನ್ಸಿನ ರೀಮ್ಸ್‌ನಲ್ಲಿ ಮಾಸ್ ಗೆದ್ದರು. 1953ರ ಜೂನ್‌ನಲ್ಲಿ ಲೆ ಮಾನ್ಸ್‌ನ 24 ಗಂಟೆಗಳ ಓಟವನ್ನು ಟೋನಿ ರೋಲ್ಟ್ ಮತ್ತು ಡಂಕನ್ ಹ್ಯಾಮಿಲ್ಟನ್ ಸಿ-ಟೈಪ್‌ನಲ್ಲಿ ಗೆದ್ದಾಗ ಸರಾಸರಿ ವೇಗ ಗಂಟೆಗೆ 105.85 ಮೈಲಿ, ಅಂದರೆ ಸುಮಾರು 170 ಕಿಲೋಮೀಟರ್. ಆ ಓಟದಲ್ಲಿ ಸರಾಸರಿ ನೂರು ಮೈಲಿ ದಾಟಿದ್ದು ಅದೇ ಮೊದಲು. ಗೆಲುವಿಗೆ ಕಾರಣ ಬ್ರೇಕ್ ಒಂದೇ ಅಲ್ಲ ಎನ್ನುವವರಿದ್ದಾರೆ, ಅವರ ಮಾತಿನಲ್ಲಿ ಹುರುಳಿದೆ. ಆ ವರ್ಷದ ಸಿ-ಟೈಪ್‌ನ ಮೈ ಹಗುರವಾಗಿತ್ತು, ವೆಬರ್ ಕಾರ್ಬ್ಯುರೇಟರುಗಳಿಂದ ಎಂಜಿನ್ನಿನ ಬಲವೂ ಹೆಚ್ಚಿತ್ತು. ಆದರೆ ನೇರ ದಾರಿಯ ವೇಗದಲ್ಲಿ ಅಮೆರಿಕದ ಕನಿಂಗ್‌ಹ್ಯಾಮ್ ಜಾಗ್ವಾರನ್ನು ಮೀರಿಸಿತ್ತು. ಡ್ರಮ್ ಬ್ರೇಕಿನ ಆ ಕಾರು ಮೂರನೆಯದಾಗಿ ಬಂತು. ಮೊದಲನೆಯ, ಎರಡನೆಯ, ನಾಲ್ಕನೆಯ ಸ್ಥಾನಗಳು ಜಾಗ್ವಾರಿನ ಪಾಲಾದವು. ಸುಮಾರು ಆರು ಕಿಲೋಮೀಟರಿನ ನೇರ ದಾರಿಯ ತುದಿಯಲ್ಲಿ ಥಟ್ಟನೆ ಬಲಕ್ಕೆ ಹೊರಳುವ ಮುಲ್ಸಾನ್ ತಿರುವಿನಲ್ಲಿ ಯಾರು ಎಷ್ಟು ತಡವಾಗಿ ಬ್ರೇಕ್ ತುಳಿಯಬಲ್ಲರು, ಇಡೀ ರಾತ್ರಿ ಹಾಗೆಯೇ ತುಳಿಯುತ್ತಿರಬಲ್ಲರೇ ಎಂಬುದು ಅಲ್ಲಿ ನಿಜವಾದ ಲೆಕ್ಕವಾಗಿತ್ತು. 1955ರಲ್ಲಿ ಮರ್ಸಿಡಿಸ್ ತನ್ನ 300 ಎಸ್‌ಎಲ್‌ಆರ್ ಕಾರಿನ ಡ್ರಮ್ ಬ್ರೇಕಿಗೆ ಆಸರೆಯಾಗಿ ಚಾಲಕನ ಬೆನ್ನ ಹಿಂದೆ ಗಾಳಿಗೆ ಅಡ್ಡಲಾಗಿ ಎದ್ದು ನಿಲ್ಲುವ ದೊಡ್ಡ ಹಲಗೆಯನ್ನೇ ಕೂರಿಸಿ ಲೆ ಮಾನ್ಸ್‌ಗೆ ತಂದದ್ದು ಇದಕ್ಕೆ ಸಾಕ್ಷಿ. ಫೆರಾರಿಯ ಗ್ರ್ಯಾನ್ ಪ್ರೀ ಕಾರುಗಳು ಡಿಸ್ಕಿಗೆ ಬಂದದ್ದು 1958ರಲ್ಲಿ.

ನನ್ನ ವಾದಕ್ಕೆ ಒಗ್ಗದ ಸಾಕ್ಷಿಯೂ ಒಂದಿದೆ. ಜಾಗ್ವಾರಿಗಿಂತ ಮೊದಲೇ, 1949ರಲ್ಲಿ, ಅಮೆರಿಕದ ಕ್ರಾಸ್ಲಿ ಕಂಪನಿ ತನ್ನ ಪುಟ್ಟ ಕಾರುಗಳಿಗೆ ಡಿಸ್ಕ್ ಬ್ರೇಕ್ ಹಾಕಿತ್ತು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಚೆಲ್ಲುವ ಉಪ್ಪಿಗೆ ಆ ಬ್ರೇಕುಗಳು ತುಕ್ಕು ಹಿಡಿದು ಕಚ್ಚಿಕೊಳ್ಳುತ್ತಿದ್ದವು, ಕಂಪನಿ ಬೇಗನೆ ಡ್ರಮ್ಮಿಗೆ ಮರಳಿತು. ಅಲ್ಲಿ ಸೋತದ್ದು ಪ್ಯಾಡಲ್ಲ, ಕ್ಯಾಲಿಪರು. ಇದನ್ನು ಒಪ್ಪಬೇಕು. ಆದರೂ ಕ್ರಾಸ್ಲಿಯ ಕಥೆಯಿಂದ ಇನ್ನೊಂದು ಮಾತು ಹೊರಡುತ್ತದೆ: ಬ್ರೇಕನ್ನು ಅಳೆಯಬೇಕಾದದ್ದು ಅದು ಓಡುವ ಜಾಗದಲ್ಲಿ. ಈ ಮಾತು ಕೊನೆಗೆ ಪ್ಯಾಡಿನ ಆಯ್ಕೆಗೇ ತಂದು ನಿಲ್ಲಿಸುತ್ತದೆ.

ಇಂದು ಎಲ್ಲರ ಕಣ್ಣು ಸೆಳೆಯುವ ತೂತಿನ ಡಿಸ್ಕಿನ ಹುಟ್ಟನ್ನೇ ನೋಡಿ. 1966ರಲ್ಲಿ ಪೋರ್ಷೆ ತನ್ನ 911 ಎಸ್ ಕಾರಿಗೆ ನಡುವೆ ಗಾಳಿ ಹಾಯುವ ಟೊಳ್ಳು ಡಿಸ್ಕ್ ತಂದಿತು. ಅದು ಬಿಸಿ ಆರಿಸುವ ಉಪಾಯ. ಪಕ್ಕದಿಂದ ಪಕ್ಕಕ್ಕೆ ಕೊರೆದ ತೂತುಗಳು 917 ರೇಸ್ ಕಾರುಗಳ ಮೂಲಕ ಬಂದು, 1978ರ 911 ಟರ್ಬೊದಲ್ಲಿ ಬೀದಿಗಿಳಿದವು. ಅವುಗಳ ಮುಖ್ಯ ಕೆಲಸ ಅಂದಿನ ಪ್ಯಾಡುಗಳಿಗೆ ಸಂಬಂಧಿಸಿದ್ದು. ರಾಳ ಬೆರೆತ ಪ್ಯಾಡ್ ವಿಪರೀತ ಕಾದಾಗ ಅನಿಲ ಬಿಡುತ್ತದೆ. ಪ್ಯಾಡಿಗೂ ಡಿಸ್ಕಿಗೂ ನಡುವೆ ಆ ಅನಿಲ ತೆಳುವಾದ ಹಾಸಿಗೆಯಂತೆ ನಿಂತು ಹಿಡಿತ ತಪ್ಪಿಸುತ್ತದೆ. ಅದು ಹೊರಹೋಗಲು ತೂತು ಬೇಕಾಯಿತು. ಮಳೆಯಲ್ಲಿ ನೀರು ಸರಿಸಲೂ ತೂಕ ಇಳಿಸಲೂ ಅದು ಒದಗಿತು. ಅಂದರೆ ಪ್ಯಾಡಿನ ಒಂದು ದೋಷಕ್ಕೆ ಡಿಸ್ಕಿನಲ್ಲಿ ಮಾಡಿದ ಮದ್ದು ಅದು. ಇಂದಿನ ಒಳ್ಳೆಯ ಪ್ಯಾಡುಗಳು ಆ ಪ್ರಮಾಣದಲ್ಲಿ ಅನಿಲ ಬಿಡುವುದಿಲ್ಲ. ರೋಗ ಹೋದಮೇಲೂ ಮದ್ದು ಅಲಂಕಾರವಾಗಿ ಉಳಿದಿದೆ. ಅದೂ ಪುಕ್ಕಟೆಯದಲ್ಲ, ಬಿಸಿ ಹೀರುವ ಕಬ್ಬಿಣ ಅಷ್ಟು ಕಡಿಮೆಯಾಗುತ್ತದೆ, ಟ್ರ್ಯಾಕಿನಲ್ಲಿ ಪದೇಪದೇ ಕಾದು ಆರಿದಾಗ ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ಕಬ್ಬಿಣದ ಡಿಸ್ಕ್ ಹಾಕಿ ಟ್ರ್ಯಾಕಿನಲ್ಲಿ ಓಡಿಸುವವರಿಗೆ ನುಣುಪು ಡಿಸ್ಕೋ ಗೀರಿನ ಡಿಸ್ಕೋ ಮೇಲು ಎಂದೇ ನನ್ನ ತೀರ್ಪು.

ಕಲ್ನಾರಿನ ಬೆಲೆಯ ಬಗ್ಗೆ ಹೇಳದೆ ಈ ಚರಿತ್ರೆಯನ್ನು ದಾಟುವಂತಿಲ್ಲ. ನಮ್ಮ ಊರುಗಳಲ್ಲಿ ಚಾವಣಿಯ ಶೀಟಾಗಿ ಪರಿಚಿತವಾದ ಈ ವಸ್ತು ಸುಮಾರು ಎಂಟು ದಶಕ ಜಗತ್ತಿನ ಕಾರುಗಳನ್ನು ನಿಲ್ಲಿಸಿತು. ಅದರ ಎಳೆಗಳು ಶ್ವಾಸಕೋಶ ಸೇರಿದರೆ ಹೊರಬರುವುದಿಲ್ಲ ಎಂಬುದು ಬಹಳ ಮೊದಲೇ ತಿಳಿದಿತ್ತು. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರಿನ ನೂಲು ತೆಗೆಯುತ್ತಿದ್ದ ನೆಲ್ಲಿ ಕರ್ಷಾ 1924ರಲ್ಲಿ ತೀರಿಕೊಂಡಾಗ ಅವರ ವಯಸ್ಸು 33. ಅವರ ಶ್ವಾಸಕೋಶದ ಪರೀಕ್ಷೆಯ ವರದಿ ಅದೇ ವರ್ಷ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು, 1931ರಲ್ಲಿ ಬ್ರಿಟನ್ ಕಾರ್ಖಾನೆಗಳ ಧೂಳಿನ ಮೇಲೆ ನಿಯಮಗಳನ್ನೂ ತಂದಿತು. ಆದರೂ ಬ್ರಿಟನ್ನಿನಲ್ಲಿ ಪೂರ್ಣ ನಿಷೇಧವಾದದ್ದು 1999ರಲ್ಲಿ. ಆ ಮುಕ್ಕಾಲು ಶತಮಾನದಲ್ಲಿ ಗ್ಯಾರೇಜುಗಳ ಮೆಕ್ಯಾನಿಕ್‌ಗಳು ಡ್ರಮ್ ಬಿಚ್ಚಿ, ಕಂಪ್ರೆಸರಿನ ಗಾಳಿ ಹೊಡೆದು, ಆ ಧೂಳನ್ನು ಉಸಿರಾಡಿದರು. ವೇಗದ ಚರಿತ್ರೆಯಲ್ಲಿ ಚಾಲಕರ ಹೆಸರುಗಳು ಉಳಿದಿವೆ. ಇವರ ಹೆಸರುಗಳೂ ಉಳಿಯಬೇಕಿತ್ತು. ಈ ಧೂಳನ್ನು ಗಾಳಿ ಹೊಡೆದು ಹಾರಿಸಬಾರದು, ಒದ್ದೆ ಮಾಡಿ ಒರೆಸಬೇಕು ಎಂಬುದನ್ನು ಇಂದಿಗೂ ಗಂಭೀರವಾಗಿ ಪಾಲಿಸಬೇಕು.

ಕಲ್ನಾರು ಹೊರಟಾಗ ಅದರ ಜಾಗವನ್ನು ಯಾವ ಒಂದು ವಸ್ತುವೂ ತುಂಬಲಿಲ್ಲ. ಉಕ್ಕಿನ ಎಳೆ, ಕಬ್ಬಿಣದ ಪುಡಿ, ತಾಮ್ರ, ಗ್ರಾಫೈಟ್, ಅರಾಮಿಡ್ ನಾರು, ಸೆರಾಮಿಕ್ ನಾರು ಹೀಗೆ ಹತ್ತಾರು ಪದಾರ್ಥಗಳ ಮಿಶ್ರಣಗಳು ಬಂದವು, ಪ್ಯಾಡಿನಲ್ಲಿ ಜಾತಿಗಳು ಹುಟ್ಟಿದವು. ಲೋಹ ಹೆಚ್ಚಿರುವ ಪ್ಯಾಡ್ ಬಿಸಿಯಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಡಿಸ್ಕನ್ನು ತಿನ್ನುತ್ತದೆ, ಸದ್ದು ಮಾಡುತ್ತದೆ. ಬೀದಿಗೆಂದು ತಯಾರಾದ ಸೆರಾಮಿಕ್ ಮಿಶ್ರಣದ ಪ್ಯಾಡ್ ಸದ್ದಿಲ್ಲದೆ, ಧೂಳು ಕಡಿಮೆ ಮಾಡಿ ನಡೆಯುತ್ತದೆ, ಆದರೆ ಟ್ರ್ಯಾಕಿನ ಬಿಸಿ ಅದಕ್ಕೆ ಹೇಳಿದ್ದಲ್ಲ. ಇಲ್ಲಿಂದೀಚೆಗೆ ಡಿಸ್ಕ್ ಕೂಡ ಪ್ಯಾಡಿನಂತೆ ಸವೆಯುವ, ಬದಲಾಯಿಸುವ ಭಾಗವಾಯಿತು. ಹೊಸ ಡಿಸ್ಕುಗಳ ವಿಚಾರ ಏನು, ಕಾರ್ಬನ್ ಡಿಸ್ಕ್ ಬಂದಾಗಲಾದರೂ ತಟ್ಟೆಯೇ ಮುಂದಾಳಾಗಲಿಲ್ಲವೇ ಎಂದು ಕೇಳಬಹುದು. ಕಾಂಕಾರ್ಡ್ ವಿಮಾನದಲ್ಲಿ ಬಳಕೆಯಾದ ಕಾರ್ಬನ್ ಬ್ರೇಕನ್ನು 1976ರಲ್ಲಿ ಬ್ರಾಬಮ್ ತಂಡ ಫಾರ್ಮುಲಾ ಒನ್‌ಗೆ ತಂದಿತು. ಅಲ್ಲಿ ತಟ್ಟೆಯೂ ಪ್ಯಾಡೂ ಒಂದೇ ವಸ್ತು, ಎರಡೂ ಕೆಲವು ನೂರು ಡಿಗ್ರಿ ಕಾಯದೆ ಹಿಡಿಯುವುದೇ ಇಲ್ಲ. ಮನೆಯಿಂದ ಹೊರಟ ಮೊದಲ ಸಿಗ್ನಲ್ಲಿನಲ್ಲೇ ಅಂಥ ಕಾರು ಅಪಾಯ. 2001ರ ಪೋರ್ಷೆ 911 ಜಿಟಿ2 ಜೊತೆ ಬೀದಿಗೆ ಬಂದ ಕಾರ್ಬನ್-ಸೆರಾಮಿಕ್ ಡಿಸ್ಕ್ ಕಬ್ಬಿಣದ್ದಕ್ಕಿಂತ ಅರ್ಧದಷ್ಟು ಹಗುರ, ತಣ್ಣಗಿದ್ದಾಗಲೂ ಹಿಡಿಯುತ್ತದೆ, ಆದರೆ ಅದಕ್ಕೆಂದೇ ತಯಾರಾದ ಪ್ಯಾಡ್ ಇದ್ದರೆ ಮಾತ್ರ. ಕಬ್ಬಿಣದ ಡಿಸ್ಕಿನ ಪ್ಯಾಡನ್ನು ಅದಕ್ಕೆ ಹಾಕುವಂತಿಲ್ಲ. ಒಂದು ಕೈಯಿಂದ ಚಪ್ಪಾಳೆಯಾಗದು.

ಹೀಗಿರುವಾಗ ಆಯ್ಕೆಯನ್ನು ಪ್ಯಾಡಿನಿಂದ ಶುರುಮಾಡಬೇಕು, ಪ್ಯಾಡನ್ನು ಬಿಸಿಯ ಲೆಕ್ಕದಿಂದ. ಅಮೆರಿಕದ ಪದ್ಧತಿಯಂತೆ ಪ್ಯಾಡಿನ ಅಂಚಿನಲ್ಲಿ ಎರಡು ಅಕ್ಷರ ಅಚ್ಚಾಗಿರುತ್ತವೆ. ಮೊದಲನೆಯದು ಸಾಮಾನ್ಯ ಬಿಸಿಯಲ್ಲಿನ ಘರ್ಷಣ ಗುಣಾಂಕ, ಎರಡನೆಯದು ಹೆಚ್ಚು ಕಾದಾಗಿನದು. ಇ ಅಂದರೆ 0.25ರಿಂದ 0.35, ಎಫ್ ಅಂದರೆ 0.35ರಿಂದ 0.45, ಜಿ ಅಂದರೆ 0.45ರಿಂದ 0.55. ಎರಡನೆಯ ಅಕ್ಷರ ಮೊದಲನೆಯದಕ್ಕಿಂತ ಕೆಳಗಿದ್ದರೆ ಆ ಪ್ಯಾಡ್ ಬಿಸಿಯಲ್ಲಿ ಸೋಲುತ್ತದೆ ಎಂದು ಅರ್ಥ. ಯುರೋಪಿನಲ್ಲಿ ಆರ್90 ನಿಯಮದಂತೆ ಬದಲಿ ಪ್ಯಾಡಿನ ಹಿಡಿತ ಮೂಲ ಪ್ಯಾಡಿನ ಶೇ. 15ರ ಆಚೀಚೆಗೆ ಹೋಗಬಾರದು. ಬೀದಿಯಲ್ಲೇ ಓಡುವ ಕಾರಿಗೆ ಈ ಗುರುತಿರುವ ಪ್ಯಾಡ್ ನಂಬಿಕೆಗೆ ಅರ್ಹ. ರೇಸಿನ ಪ್ಯಾಡ್ ಹಾಕಿದರೆ ಬೀದಿಯಲ್ಲೂ ಬೇಗ ನಿಲ್ಲುತ್ತದೆ ಎಂಬ ನಂಬಿಕೆ ಬಲವಾಗಿದೆ, ಅದು ತಪ್ಪು. ಮೇಲಿನ ಲೆಕ್ಕದಂತೆ ಬೀದಿಯ ಒಂದು ನಿಲುಗಡೆಗೆ ಡಿಸ್ಕ್ ಕಾಯುವುದು ಮೂವತ್ತು ಡಿಗ್ರಿಯಷ್ಟು. ಆ ಬಿಸಿಗೆ ರೇಸಿನ ಪ್ಯಾಡ್ ಎಚ್ಚರಗೊಳ್ಳುವುದೇ ಇಲ್ಲ. ಪ್ಯಾಡ್ ಗೊತ್ತಾದ ಮೇಲೆ ಡಿಸ್ಕ್ ಸುಲಭ: ಬೀದಿಗೆ ನುಣುಪಾದ, ಗಾಳಿ ಹಾಯುವ ಎರಕದ ಕಬ್ಬಿಣದ್ದು ಸಾಕು, ಹಳೆಯದರ ದಪ್ಪ ಅದರ ಮೇಲೆ ಅಚ್ಚಾದ ಕನಿಷ್ಠ ಅಳತೆಗಿಂತ ಇಳಿದಿದ್ದರೆ ಹೊಸದು ಹಾಕಲೇಬೇಕು. ಬೇರೆ ಜಾತಿಯ ಪ್ಯಾಡಿಗೆ ಬದಲಾಗುವಾಗ ಡಿಸ್ಕನ್ನೂ ಜೊತೆಗೇ ಹೊಸದು ಮಾಡುವುದು ಒಳ್ಳೆಯದು. ಪ್ಯಾಡ್ ತನ್ನ ತೆಳುವಾದ ಪದರವೊಂದನ್ನು ಡಿಸ್ಕಿನ ಮೇಲೆ ಹಚ್ಚಿ, ಅದರ ಮೇಲೆ ತಾನು ಉಜ್ಜುತ್ತದೆ. ಹಳೆಯ ಪದರದ ಮೇಲೆ ಹೊಸ ಪದರ ಸಮನಾಗಿ ಕೂರುವುದಿಲ್ಲ. ಡಿಸ್ಕ್ ಬೆಂಡಾಗಿದೆ, ಪೆಡಲ್ ನಡುಗುತ್ತದೆ ಎಂದು ಗ್ಯಾರೇಜಿಗೆ ಬರುವ ಎಷ್ಟೋ ಕಾರುಗಳಲ್ಲಿ ಡಿಸ್ಕ್ ಬೆಂಡಾಗಿರುವುದಿಲ್ಲ, ಈ ಪದರ ತೇಪೆತೇಪೆಯಾಗಿ ಅಂಟಿರುತ್ತದೆ. ಹೊಸ ಜೋಡಿಯನ್ನು ತಯಾರಕರು ಹೇಳಿದಂತೆ ಹದವಾಗಿ ಕಾಯಿಸಿ, ಆರಿಸಿ ಪಳಗಿಸಿದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಬ್ರೇಕ್ ಆಯಿಲ್ ಕೂಡ ಇದೇ ಸಲ ಬದಲಾಗಲಿ: ಡಾಟ್ 4 ಎಣ್ಣೆ ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು, ತೇವ ಹೀರಿದ ಮೇಲೆ ಆ ಕನಿಷ್ಠ ಮಿತಿ 155ಕ್ಕೆ ಇಳಿಯುತ್ತದೆ.

ಪ್ಯಾಡಿನ ಚರಿತ್ರೆ ಇನ್ನೂ ನಡೆಯುತ್ತಿದೆ, ಅದರಲ್ಲಿ ಲ್ಯಾಂಚೆಸ್ಟರ್ ಅವರ ತಾಮ್ರವೇ ಮತ್ತೆ ಮುಂದೆ ಬಂದಿದೆ. ಕಲ್ನಾರು ಹೋದಮೇಲೆ ಬಿಸಿ ಸಾಗಿಸಲೆಂದು ಪ್ಯಾಡಿನೊಳಗೆ ಮರಳಿ ಸೇರಿದ ತಾಮ್ರ ಧೂಳಾಗಿ ರಸ್ತೆಗೆ ಬಿದ್ದು, ಮಳೆನೀರಿನೊಡನೆ ಹೊಳೆ ಸೇರಿ, ಸಾಲ್ಮನ್ ಮೀನುಗಳು ವಾಸನೆ ಗುರುತಿಸುವ ಶಕ್ತಿಯನ್ನೇ ಕೆಡಿಸುತ್ತದೆ ಎಂದು ತಿಳಿದುಬಂತು. ಕ್ಯಾಲಿಫೋರ್ನಿಯಾ ಮತ್ತು ವಾಷಿಂಗ್ಟನ್ ರಾಜ್ಯಗಳು 2010ರಲ್ಲಿ ಇದರ ವಿರುದ್ಧ ಕಾನೂನು ಮಾಡಿದವು. 2021ರಿಂದ ಪ್ಯಾಡಿನ ತೂಕದಲ್ಲಿ ತಾಮ್ರ ಶೇ. 5ಕ್ಕಿಂತ ಕಡಿಮೆ ಇರಬೇಕಿತ್ತು. 2025ರಿಂದ ಕ್ಯಾಲಿಫೋರ್ನಿಯಾದಲ್ಲಿ ಆ ಮಿತಿ ಶೇ. 0.5.